ದಾರ ಬಿಟ್ಟು ಉಳಿದದ್ದೆಲ್ಲ

ಕೋಲಾರದಲ್ಲಿ ನಾಯಿಗಳಿಗೆ ಸ್ನಾನ ಮಾಡಿಸಿ, ಕೂದಲು ಕತ್ತರಿಸಿ, ಉಗುರು ತೆಗೆಯುವ ಅಂಗಡಿಯನ್ನು ನಾನು ತೆರೆದಾಗ ನಮ್ಮಜ್ಜಿ ಮೂರು ದಿನ ನನ್ನೊಡನೆ ಮಾತಾಡಲಿಲ್ಲ. ನಾಲ್ಕನೆಯ ದಿನ ಮಾತಾಡಿದಳು. ಮೊದಲ ಮೂರು ದಿನವೇ ವಾಸಿಯಿತ್ತು ಅನ್ನಿಸಿತು.

"ಏಮೇ, ಮನುಷ್ಯರ ತಲೆಗೇ ಎಣ್ಣೆ ಕಾಣ್ದೆ ವಾರ ಕಳೀತೈತೆ. ನಾಯಿಗೆ ಬಿಸಿನೀರು, ಶಾಂಪೂ, ಮೇಲೆ ಬಿಸಿಗಾಳಿ ಬೇರೆ! ಮುಂದೆ ಅದರ ಬಾಣಂತನಾನೂ ಮಾಡ್ತೀಯೇನೇ?"

ಆಗ ನಕ್ಕುಬಿಟ್ಟೆ. ಆಮೇಲೆ ಒಂದೆರಡು ಬಾಣಂತನಕ್ಕೂ ಕೈ ಹಾಕಿದ್ದುಂಟು. ಅಜ್ಜಿಗೆ ಇನ್ನೂ ಹೇಳಿಲ್ಲ.

ನಮ್ಮ ಮನೆಗೆ ಕತ್ತರಿಯೇನೂ ಹೊಸದಲ್ಲ. ನಮ್ಮ ತಾತ ಬೈರಕೂರಿನ ಸುತ್ತಮುತ್ತಲ ಊರುಗಳಲ್ಲಿ ಕುರಿಗಳ ಉಣ್ಣೆ ಕತ್ತರಿಸುತ್ತಿದ್ದ. ಶಾಲೆಗೆ ರಜಾ ಬಂದರೆ ನಾನು ಅವನ ಹಿಂದೆ. ಕುರಿಯ ಹಿಂಗಾಲು ಹಿಡಿದುಕೊಳ್ಳುವುದು ನನ್ನ ಕೆಲಸ. ತಾತ ಕುರಿಯನ್ನು ಮಲಗಿಸಿದ ಕೂಡಲೇ ಕತ್ತರಿ ಎತ್ತಿಕೊಳ್ಳುತ್ತಿರಲಿಲ್ಲ. ಅದನ್ನು ಪಕ್ಕಕ್ಕಿಟ್ಟು, ಎರಡೂ ಅಂಗೈಯನ್ನು ಕುರಿಯ ಕತ್ತಿನಿಂದ ಬಾಲದವರೆಗೆ ಒಮ್ಮೆ ಎಳೆಯುತ್ತಿದ್ದ. ಕಣ್ಣಿನ ಕೆಳರೆಪ್ಪೆ ಜಗ್ಗಿ ಕೆಂಪಗಿದೆಯೋ ಬಿಳಿಚಿಕೊಂಡಿದೆಯೋ ನೋಡುತ್ತಿದ್ದ. ಕಿವಿಯ ಹತ್ತಿರ ಮೂಗು ಒಯ್ಯುತ್ತಿದ್ದ. "ಉಣ್ಣೆ ಸುಳ್ಳು ಹೇಳ್ತದೆ ಕಣೇ, ಚರ್ಮ ಹೇಳಲ್ಲ. ಕೈ ಮೊದಲು, ಕತ್ತರಿ ಆಮೇಲೆ." ಎಷ್ಟೋ ಸಲ ಕುರಿಯವರಿಗೆ, "ಇದರ ಹೊಟ್ಟೇಲಿ ಹುಳ ಐತಪ್ಪಾ, ಔಷಧ ಹಾಕ್ಸು" ಅಂದರೆ ಅವರು, "ನಿನ್ನ ಕರೆಸಿದ್ದು ಉಣ್ಣೆಗೆ ಕಣಣ್ಣಾ" ಅನ್ನುತ್ತಿದ್ದರು. ತಾತ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಮುಂದಿನ ಸಲ ಹೋದಾಗ ಆ ಕುರಿ ಇರುತ್ತಿರಲಿಲ್ಲ, ಅಷ್ಟೇ.

ಅವನದು ಇನ್ನೊಂದು ಕಟ್ಟುನಿಟ್ಟಿನ ಮಾತಿತ್ತು. ದೇವರ ಹೆಸರಲ್ಲಿ ಕೊರಳಿಗೆ ಏನಾದರೂ ಕಟ್ಟಿದ್ದರೆ ಅದರ ಹತ್ತಿರ ಕತ್ತರಿ ಒಯ್ಯಬಾರದು. ನಾನು ಇದನ್ನು ಮೊದಲಿನ ಮಾತಿಗಿಂತ ಚೆನ್ನಾಗಿ ಕಲಿತೆ. ಈ ಬರಹವೆಲ್ಲ ಆ ಕಲಿಕೆಯ ಕಥೆಯೇ.

ಅಂಗಡಿ ತೆರೆದ ಮೇಲೆ ಗೊತ್ತಾಯಿತು, ನಾಯಿ ಸಾಕುವವರು ಕುರಿ ಸಾಕುವವರಿಗಿಂತ ಬೇರೆಯಲ್ಲ. ಪ್ರೀತಿ ಹೆಚ್ಚು, ಅಷ್ಟೇ. ಪ್ರೀತಿ ಹೆಚ್ಚಿದಷ್ಟೂ ಕಣ್ಣು ಕಡಿಮೆ. ವೇಮಗಲ್ಲಿನ ಕಾರ್ಖಾನೆಯಲ್ಲಿ ಕೆಲಸ ಮಾಡುವ ಒಬ್ಬರು ತಮ್ಮ ಲ್ಯಾಬ್ರಡಾರನ್ನು ಕರೆತಂದು, "ಇವನು ಏನು ಹೇಳಿದ್ರೂ ಇಲ್ಲ ಇಲ್ಲ ಅಂತ ತಲೆ ಆಡಿಸ್ತಾನೆ ಮೇಡಂ, ಥೇಟ್ ನಮ್ಮ ಮ್ಯಾನೇಜರ್" ಎಂದು ನಗುತ್ತಿದ್ದರು. ಕಿವಿ ಎತ್ತಿ ನೋಡಿದರೆ ಒಳಗೆ ಕಂದು ಬಣ್ಣದ ಅಂಟು, ಮೂರು ದಿನ ಮುಚ್ಚಿಟ್ಟ ಹಿಟ್ಟಿನ ಹುಳಿ ವಾಸನೆ. ಪಾಪ, ನಾಯಿ ಮ್ಯಾನೇಜರನ್ನು ಅನುಕರಿಸುತ್ತಿರಲಿಲ್ಲ, ಅದಕ್ಕೆ ಕಿವಿ ನೋಯುತ್ತಿತ್ತು. ಶ್ರೀನಿವಾಸಪುರದ ಮಾವಿನ ತೋಟದವರೊಬ್ಬರ ನಾಯಿ ಅಂಗಳದಲ್ಲಿ ಹಿಂಭಾಗವನ್ನು ನೆಲಕ್ಕೆ ಒತ್ತಿ ಕೂತುಕೂತೇ ಸರಿಯುತ್ತಿತ್ತು. ಮನೆಯವರು ಅದನ್ನು ವೀಡಿಯೊ ಮಾಡಿ, ತೆಲುಗು ಹಾಡು ಸೇರಿಸಿ, ಫೋನಿನಲ್ಲಿ ಸ್ಟೇಟಸ್ ಹಾಕಿದ್ದರು. ಊರೆಲ್ಲ ನೋಡಿ ಮೆಚ್ಚಿತ್ತಂತೆ. ಬಾಲದ ಕೆಳಗಿನ ಗ್ರಂಥಿ ತುಂಬಿ ಬಾತು ಕೆಂಪಾಗಿತ್ತು. "ಇದು ಡ್ಯಾನ್ಸಲ್ಲ ಸಾರ್, ಡಾಕ್ಟರಿಗೆ ತೋರಿಸಿ" ಅಂದಾಗ ಅವರ ಮುಖ ಸಪ್ಪಗಾಯಿತು. ನಾಯಿಗಾಗಿಯೋ ಸ್ಟೇಟಸ್ಸಿಗಾಗಿಯೋ ನಾನು ಕೇಳಲಿಲ್ಲ.

ರೋಗದ ಹೆಸರು ನಾನು ಹೇಳುವುದಿಲ್ಲ. ಅದು ಡಾಕ್ಟರ ಕೆಲಸ. "ಇಲ್ಲಿ ಹೀಗಿದೆ, ತೋರಿಸಿ" ಅನ್ನುವುದಷ್ಟೇ ನನ್ನದು. ಒಸಡು ಬಿಳಿಚಿದ್ದರೆ, ರಕ್ತ ಹೀರುವ ಉಣ್ಣಿ ಕಂಡರೆ, ಎದೆಯ ಕೆಳಗೆ ಗಂಟು ಸಿಕ್ಕಿದರೆ ಚೀಟಿ ಬರೆದು ಕಳಿಸುತ್ತೇನೆ. ನಮ್ಮೂರಿನ ದನದ ಆಸ್ಪತ್ರೆಯ ಡಾಕ್ಟರು ಮೊದಮೊದಲು ನನ್ನ ಚೀಟಿ ನೋಡಿ, "ಏನಮ್ಮಾ, ಇವತ್ತು ಯಾವ ರೋಗ ಕಂಡುಹಿಡಿದ್ರಿ?" ಎಂದು ಫೋನು ಮಾಡುತ್ತಿದ್ದರು. ಆಮೇಲಾಮೇಲೆ ನಗುವುದು ಬಿಟ್ಟು ನೋಡತೊಡಗಿದರು. ನನಗೂ ಸ್ವಲ್ಪ ಜಂಬ ಬಂತು. ಈ ಕೈಗೆ ಸಿಗದ ಕಾಯಿಲೆಯಿಲ್ಲ ಅನ್ನುವಷ್ಟು. ಅಜ್ಜಿಯೂ ಅಷ್ಟು ಹೊತ್ತಿಗೆ ರಾಜಿಯಾಗಿದ್ದಳು. ಅಂಗಡಿ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಬಂದ ನಾಯಿಯನ್ನೂ ಕರೆತಂದವರನ್ನೂ ಬೈಯುವುದು ಅವಳ ದಿನಚರಿಯಾಗಿತ್ತು.

ಇಂಥ ಕಾಲದಲ್ಲಿ ಬಂದವರು ಮುಳಬಾಗಿಲಿನ ದೋಸೆ ಹೋಟೆಲಿನ ಅಮ್ಮ.

ಚಿಕ್ಕ ಹೋಟೆಲು. ನಾಲ್ಕು ಮೇಜು, ಒಂದು ಹೆಂಚು. ಹೆಂಚಿನ ಮುಂದೆ ಅಮ್ಮ, ಗಲ್ಲಾದ ಮೇಜಿನ ಮೇಲೆ ಅವರ ಬಿಳಿ ಪೊಮೆರೇನಿಯನ್. ಅದಕ್ಕೆ ಒಂದು ದೇವರ ಹೆಸರಿಟ್ಟಿದ್ದರು. ಆದರೆ ಕರೆಯುತ್ತಿದ್ದದ್ದು ಬಂಗಾರ ಎಂದು. ಬೆಣ್ಣೆ ಮುದ್ದೆಗೆ ಕಣ್ಣು ಬರೆದ ಹಾಗಿತ್ತು. ದೋಸೆ ತಿನ್ನಲು ಬಂದವರೆಲ್ಲ ಅದನ್ನು ನೋಡಿ, "ಅಬ್ಬಾ, ಏನ್ ಮುದ್ದಾಗಿದೆ!" ಅನ್ನುತ್ತಿದ್ದರು. ಅಮ್ಮನಿಗೆ ದೃಷ್ಟಿಯ ಭಯ. ದಿನಕ್ಕೆ ನೂರು ಬಾಯಿಂದ ಮುದ್ದು ಅನ್ನಿಸಿಕೊಂಡ ಜೀವ ಉಳಿಯುವುದುಂಟೆ? ಮರಿ ನಲವತ್ತೈದು ದಿನದ್ದಿದ್ದಾಗಲೇ ಕುರುಡುಮಲೆ ಗಣಪನ ಪಾದದಲ್ಲಿ ಒಂದು ಕಪ್ಪು ದಾರ ಇಟ್ಟು ಪೂಜೆ ಮಾಡಿಸಿ, ಮನೆಗೆ ತಂದು, ತಾವೇ ಏಳು ಗಂಟು ಹಾಕಿ ಕೊರಳಿಗೆ ಕಟ್ಟಿದ್ದರು.

ಮೊದಲ ಸಲ ಬಂದಾಗ ನಾಯಿಗೆ ನಾಲ್ಕು ತಿಂಗಳು. "ಎಲ್ಲಾ ಮಾಡಮ್ಮಾ, ಆ ದಾರ ಒಂದು ಮುಟ್ಟಬೇಡ" ಅಂದರು. "ನನಗೆ ಗೊತ್ತಿಲ್ವಾ ಅಮ್ಮಾ?" ಅಂದೆ. ತಾತನ ಮೊಮ್ಮಗಳು! ಕಿವಿ ನೋಡಿದೆ, ಒಸಡು ನೋಡಿದೆ, ಕಾಲ್ಬೆರಳಿನ ಸಂದು ನೋಡಿದೆ. ದಾರದ ಹತ್ತಿರ ಬಂದಾಗ ಕೈಯೂ ಕತ್ತರಿಯೂ ದೇವಸ್ಥಾನಕ್ಕೆ ಪ್ರದಕ್ಷಿಣೆ ಬಂದ ಹಾಗೆ ಸುತ್ತಿ ಆಚೆ ಹೋದವು. ಎರಡನೆಯ ಸಲವೂ ಹಾಗೇ. ಮೂರನೆಯ ಸಲ ಕತ್ತಿನ ಕೂದಲು ಅಲ್ಲೊಂದು ಕಡೆ ಸೊಂಟಪಟ್ಟಿ ಬಿಗಿದ ಹಾಗೆ ಒಳಕ್ಕೆ ಕೂತಿತ್ತು. ಕಂಡೆ. ಕಂಡದ್ದು ನಿಜ, ಸುಳ್ಳು ಹೇಳಲಾರೆ. ಬಿಗಿಯಾಗಿದೆಯಲ್ಲ ಅನ್ನಿಸಿತು. ದೇವರದ್ದು, ನನಗ್ಯಾಕೆ ಅಂತಲೂ ಅನ್ನಿಸಿತು. ಎರಡನೆಯದು ಮೊದಲನೆಯದಕ್ಕಿಂತ ಬೇಗ ಅನ್ನಿಸಿತು.

ನಾಲ್ಕನೆಯ ಸಲ ಕೋಲಾರಕ್ಕೆ ಬರುವ ಟೊಮೆಟೊ ಟೆಂಪೊದಲ್ಲಿ ಮುಂದೆ ಕೂತು, ನಾಯಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದರು. ಮುಖದಲ್ಲಿ ಕಳೆಯಿರಲಿಲ್ಲ.

"ಎರಡು ದಿನದಿಂದ ಬಂಗಾರ ಏನೂ ತಿಂದಿಲ್ಲ ಕಣಮ್ಮಾ. ದೋಸೆ ಚೂರು ಕೊಟ್ರೆ ಬಾಯಲ್ಲಿಟ್ಕೊಂಡು ಉಗುಳುತ್ತೆ. ನಮ್ಮ ದೋಸೇನ ಉಗುಳಿದ ಜೀವ ಇಡೀ ಮುಳಬಾಗಿಲಲ್ಲಿ ಇದೊಂದೇ."

"ಡಾಕ್ಟರಿಗೆ ತೋರಿಸಿದ್ರಾ?"

"ಅವರೇನ್ ಮಾಡ್ತಾರೆ? ಇದು ದೃಷ್ಟಿ. ದಾರ ಎಲ್ಲೋ ಬಿದ್ದೋಗಿದೆ, ಅದಕ್ಕೇ ಹಿಂಗೆ. ನೋಡು, ಹೊಸದು ತಂದಿದೀನಿ." ಸೆರಗಿನ ಗಂಟು ಬಿಚ್ಚಿ, ಕುಂಕುಮ ಹತ್ತಿದ ಕಪ್ಪು ದಾರ ತೋರಿಸಿದರು. "ಒಂದು ಸ್ನಾನ ಮಾಡಿಸ್ಕೊಡು. ಮಡಿಯಾಗಿ ಇಲ್ಲೇ ಕಟ್ಬಿಡ್ತೀನಿ. ಈ ಸಲ ಬಿಗಿಯಾಗಿ, ಬೀಳದಂಗೆ."

ನಾಯಿಯನ್ನು ಮೇಜಿನ ಮೇಲಿಟ್ಟೆ. ಪ್ರತಿಸಲ ನನ್ನ ಮೂಗು ನೆಕ್ಕುತ್ತಿದ್ದ ನಾಯಿ ತಲೆ ತಗ್ಗಿಸಿ ನಿಂತಿತು. ಕಿವಿಯ ಕೆಳಗೆ ಕೈ ಹೋದದ್ದೇ ತಡ, ಗುರ್ ಎಂದಿತು. ವಾಸನೆ ಆಗಲೇ ಮೂಗಿಗೆ ಬಂದಿತ್ತು. ಕೊಳೆಯ ವಾಸನೆಯಲ್ಲ, ಕಿವಿಯದ್ದೂ ಅಲ್ಲ. ಗಾಯದ್ದು. ನೀರಿನ ನಲ್ಲಿ ನಿಲ್ಲಿಸಿ, ಕತ್ತಿನ ಕೂದಲನ್ನು ಬೆರಳಿನಿಂದ ಬಿಡಿಸಿದೆ. ಸುತ್ತಲೂ ಅಂಟಂಟು. ಅದರ ಕೆಳಗೆ ನೇಗಿಲ ಗೆರೆ ಎಳೆದ ಹಾಗೆ ಚರ್ಮ ಸೀಳಿತ್ತು. ದಾರವೆಲ್ಲೂ ಕಾಣದು. ಹಿಂಗತ್ತಿನಲ್ಲಿ ಒಂದೇ ಒಂದು ಕಡೆ, ಸೀಬೆಹಣ್ಣಿನ ಬೀಜದಷ್ಟು ಕಪ್ಪು ಚುಕ್ಕೆ ಇಣುಕುತ್ತಿತ್ತು. ಏಳು ಗಂಟುಗಳಲ್ಲಿ ಒಂದು.

"ಅಮ್ಮಾ, ದಾರ ಬಿದ್ದಿಲ್ಲ. ಒಳಗಿದೆ."

"ಒಳಗಾ? ನುಂಗ್ಬಿಟ್ಟಿದೆಯಾ?"

"ಇಲ್ಲಮ್ಮಾ, ಚರ್ಮದೊಳಗೆ. ನೀವು ಕಟ್ಟಿದಾಗ ಅದು ಮರಿ. ಮರಿ ಬೆಳೀತು, ದಾರ ಬೆಳೀಲಿಲ್ಲ. ಕುಯ್ಕೊಂಡು ಒಳಗೆ ಹೋಗಿದೆ."

ಅವರು ಅಳುತ್ತಾರೆ ಅಂದುಕೊಂಡೆ. ಅಮ್ಮನ ಮುಖ ಬಾಳೆಲೆಯ ಮೇಲೆ ನೀರು ಚಿಮುಕಿಸಿದ ಹಾಗೆ ಅರಳಿತು. "ಅಂದ್ರೆ ಇದೆಯಲ್ಲ! ಬಿದ್ದಿಲ್ಲವಲ್ಲ! ಅಪ್ಪಾ ಗಣಪಾ, ಎಲ್ಲಿ ಕೈಬಿಟ್ಯೋ ಅಂದ್ಕೊಂಡಿದ್ದೆ."

ನಾನು ಬಿಡಿಸಿ ಹೇಳಿದೆ. ಒಳಗೆ ಕೀವಾಗಿದೆ, ನುಂಗುವುದಕ್ಕೆ ನೋವಾಗಿ ಊಟ ಬಿಟ್ಟಿದೆ, ಈಗಲೇ ಆಸ್ಪತ್ರೆಗೆ ಒಯ್ದು ದಾರ ಕತ್ತರಿಸಿ ತೆಗೆಸದಿದ್ದರೆ ಉಸಿರಿಗೇ ಸಂಚಕಾರ. ಅಮ್ಮ ಎಲ್ಲವನ್ನೂ ಕೇಳಿದರು. ಕತ್ತರಿಸುವ ಮಾತು ಬಂದಾಗ ಮಾತ್ರ ನಾಯಿಯನ್ನು ಎತ್ತಿ ಎದೆಗವಚಿಕೊಂಡರು.

"ಬೇಡ ಕಣಮ್ಮಾ. ಅರಿಶಿನ ಹಚ್ತೀನಿ, ಬೇವಿನ ನೀರಲ್ಲಿ ತೊಳೀತೀನಿ. ಏಳು ಗಂಟು ಹಾಕಿ ಕಟ್ಟಿದ್ದನ್ನ ಕಬ್ಬಿಣದಲ್ಲಿ ಕತ್ತರಿಸ್ತಾರೇನು? ಅದನ್ನ ಕತ್ತರಿಸಿದ ಮಾರನೇ ದಿನ ಇದು ಹೋಗ್ಬಿಟ್ರೆ? ನನ್ನ ಕೈಯಾರೆ ಕಳ್ಕೊಂಡಂಗೆ ಆಗಲ್ವಾ?"

"ಕತ್ತರಿಸದೇ ಇದ್ರೆ ಹೋಗುತ್ತಮ್ಮಾ."

"ನೀನು ಡಾಕ್ಟ್ರಾ?"

ಅಲ್ಲ. ಮೂರನೆಯ ಸಲ ಕಂಡದ್ದು ನೆನಪಾಯಿತು. ಅವತ್ತು ದಾರ ಹೊರಗೇ ಇತ್ತು; ನಾನು ಬಾಯಿ ಬಿಟ್ಟಿದ್ದರೆ ಗಂಟು ಬಿಚ್ಚಿ ಮುಗಿಸಬಹುದಿತ್ತು.

ಅಮ್ಮ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು. ಬಾಗಿಲಲ್ಲಿ ಅಜ್ಜಿ ಕುರ್ಚಿ ಕದಲಿಸಲಿಲ್ಲ. ಕಾಲು ಮಾತ್ರ ಅಡ್ಡ ಚಾಚಿದಳು.

"ಏಮಮ್ಮಾ, ಆ ದಾರ ಕಟ್ಟಿ ಎಷ್ಟು ದಿನ ಆಯ್ತು?"

"ಒಂಬತ್ತು ತಿಂಗಳು ಆಗಿರ್ಬೋದು ಅಜ್ಜಿ."

"ಒಂಬತ್ತು ತಿಂಗಳು! ದಿನಕ್ಕೆ ಎಷ್ಟು ಜನ ಬರ್ತಾರೆ ನಿನ್ನ ಹೋಟ್ಲಿಗೆ?"

"ನೂರು ಜನ ಬರ್ತಾರೆ."

"ಅಷ್ಟೂ ಜನದ ಕಣ್ಣು ಆ ದಾರ ಕುಡ್ದೈತೆ. ಕುಡ್ದೂ ಕುಡ್ದೂ ತುಂಬ್ಕೊಂಡೈತೆ. ನೆಲ ಒರ್ಸಿದ ಬಟ್ಟೇನ ಹಿಂಡ್ದೆ ಮತ್ತೆ ಅದರಲ್ಲೇ ಒರೆಸ್ತೀಯಾ? ತುಂಬಿದ ದಾರ ಮೈಮೇಲೆ ಇಕ್ಕೋಬಾರ್ದು ಕಣಮ್ಮಾ, ತಿರುಗಿಬೀಳ್ತದೆ. ತೆಗೆಸಿ, ಮರದ ಬುಡಕ್ಕೆ ಇಟ್ಟು, ಕೈಮುಗಿದು ಬರ್ಬೇಕು. ನಿಮ್ಮ ಅತ್ತೆ ಹೇಳ್ಕೊಟ್ಟಿಲ್ವಾ?"

ಅಮ್ಮ ನಿಂತರು. ಅತ್ತೆ ಹೇಳಿಕೊಟ್ಟಿದ್ದಾರೋ ಇಲ್ಲವೋ ನೆನಪು ಮಾಡಿಕೊಳ್ಳುತ್ತಿದ್ದಂತಿತ್ತು. "ತಿರುಗಿಬೀಳುತ್ತಾ ಅಜ್ಜಿ?"

"ಬಿದ್ದೈತಲ್ಲ, ಕಾಣ್ತಿಲ್ವಾ? ದೋಸೆ ಉಗುಳ್ತೈತಂತೆ."

ಐದು ನಿಮಿಷದಲ್ಲಿ ನಾವು ಆಟೊದಲ್ಲಿದ್ದೆವು. ತಿಂಗಳುಗಟ್ಟಲೆ ಚೀಟಿ ಬರೆದೂ ನನಗೆ ದಕ್ಕದ ಮರ್ಯಾದೆಯನ್ನು ಅಜ್ಜಿ ನೆಲ ಒರೆಸುವ ಬಟ್ಟೆಯಿಂದ ಸಂಪಾದಿಸಿಬಿಟ್ಟಿದ್ದಳು.

ಡಾಕ್ಟರು ನೋಡಿದ ಕೂಡಲೇ ಬಾಗಿಲು ಹಾಕಿಸಿದರು. ಮತ್ತಿನ ಚುಚ್ಚುಮದ್ದು ಕೊಟ್ಟು, ಕತ್ತಿನ ಸುತ್ತ ಕೂದಲು ಬೋಳಿಸಿ, ದಾರವನ್ನು ಚೂರುಚೂರಾಗಿ ಕತ್ತರಿಸಿ ತೆಗೆದರು. ಹೊರಗಿನ ಬೆಂಚಿನಲ್ಲಿ ಅಮ್ಮ ಹೊಸ ದಾರವನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದರು. ನಾನು ಪಕ್ಕದಲ್ಲಿ. ಎಷ್ಟೋ ಹೊತ್ತಿನ ಮೇಲೆ ಅಮ್ಮ, "ಬೆಳಗ್ಗೆ ಹಿಟ್ಟು ಮುಚ್ಚಿ ಬಂದ್ನೋ ಇಲ್ವೋ" ಅಂದರು. ಅದಕ್ಕೇ ಅವರ ಕಣ್ಣು ತುಂಬಿತು.

ಡಾಕ್ಟರು ಕೈ ತೊಳೆದು ಬಂದು, "ಉಳ್ಕೊಳ್ಳುತ್ತೆ. ಇನ್ನೊಂದೆರಡು ದಿನ ಬಿಟ್ಟಿದ್ರೆ ನಾನು ಈ ಮಾತು ಹೇಳ್ತಿರಲಿಲ್ಲ" ಅಂದರು. ಆಮೇಲೆ ನನ್ನ ಕಡೆ ತಿರುಗಿದರು. "ಇದು ನಿಮ್ಮ ಹತ್ರಾನೇ ಬರೋದಲ್ವಾ? ಹೋದ ಸಲ ಕೈಗೆ ಸಿಗಲಿಲ್ವಾ?"

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಅಡ್ಡ ಬಂದರು. "ಅವಳನ್ನ ಯಾಕೆ ಅಂತೀರಾ ಸಾರ್, ಪಾಪ. ಸ್ನಾನ ಮಾಡಿಸೋಳು. ಅವಳಿಗೇನು ಗೊತ್ತಾಗುತ್ತೆ ಇದೆಲ್ಲಾ?"

ನನ್ನ ಬದುಕಿನಲ್ಲಿ ಯಾರೂ ನನ್ನ ಪರವಾಗಿ ಅಷ್ಟು ಪ್ರೀತಿಯಿಂದ ವಾದಿಸಿಲ್ಲ. ನಿಜ ಹೇಳಿದರೆ ಕಂಡೂ ಬಾಯಿ ಮುಚ್ಚಿಕೊಂಡವಳು ಅನ್ನಿಸಿಕೊಳ್ಳುತ್ತಿದ್ದೆ, ಸುಮ್ಮನಿದ್ದರೆ ಏನೂ ಗೊತ್ತಿಲ್ಲದವಳು. ನಾನು ಸುಮ್ಮನಿದ್ದೆ.

ಅಮ್ಮ ಆ ದಾರದ ಚೂರುಗಳನ್ನು ಕೊಡಿ ಎಂದು ಕೇಳಿದಾಗ ಡಾಕ್ಟರು ಕಣ್ಣುಕಣ್ಣು ಬಿಟ್ಟರು. ಆದರೂ ಹತ್ತಿಯಲ್ಲಿ ಸುತ್ತಿ ಕೊಟ್ಟರು. ಆಸ್ಪತ್ರೆಯ ಅಂಗಳದ ಬೇವಿನ ಮರದ ಬುಡದಲ್ಲಿ ಅಮ್ಮ ಅದನ್ನಿಟ್ಟು ಕೈಮುಗಿದರು. ನಾನೂ ಮುಗಿದೆ. ನನ್ನ ಕೈಮುಗಿಯುವಿಕೆಗೆ ಬೇರೆ ಕಾರಣವಿತ್ತು.

ಅವತ್ತು ಮನೆಯಲ್ಲಿ ಅಜ್ಜಿ ಅವರೆಕಾಯಿ ಸುಲಿಯುತ್ತಿದ್ದಾಗ ಮೂರನೆಯ ಸಲದ ಕಥೆ ಹೇಳಿಬಿಟ್ಟೆ. ತಾತನೇ ತಾನೇ ಹೇಳಿದ್ದು, ದೇವರ ಹೆಸರಲ್ಲಿ ಕಟ್ಟಿದ್ದರ ಹತ್ತಿರ ಕತ್ತರಿ ಒಯ್ಯಬಾರದು ಅಂತ?

ಅಜ್ಜಿ ಸುಲಿಯುವುದನ್ನು ನಿಲ್ಲಿಸದೆ ಹೇಳಿದಳು. "ಕತ್ತರಿ ಒಯ್ಬಾರ್ದು ಅಂದ. ಬೆರಳು ಒಯ್ಬಾರ್ದು ಅಂದ್ನೇನೇ? ಕುರಿ ಕೊರಳಲ್ಲಿ ದಾರ ಕಂಡ್ರೆ ನಿಮ್ ತಾತ ಎರಡು ಬೆರಳು ತೂರಿಸಿ ನೋಡ್ತಿದ್ದ. ಹಿಡೀಲಿಲ್ಲ ಅಂದ್ರೆ ಗಂಟು ಬಿಚ್ಚಿ, ಸಡಿಲ ಮಾಡಿ, ಮತ್ತೆ ಕಟ್ತಿದ್ದ. ನೀನು ಹಿಂಗಾಲು ಹಿಡ್ಕೊಂಡು ಕೂತಿದ್ದೆ. ಕೊರಳ ಕಡೆ ನಿಂಗೇನು ಕಾಣ್ತದೆ?"

ಕುರಿಯ ಹಿಂಭಾಗದಿಂದ ಕಲಿತ ವಿದ್ಯೆ ನನ್ನದು ಎಂದು ಅಷ್ಟು ವರ್ಷದ ಮೇಲೆ ಗೊತ್ತಾಯಿತು.

ಮೂರು ವಾರ ಕಳೆದು ಅಮ್ಮ ನಾಯಿಯನ್ನು ಕರೆದುಕೊಂಡು ಬಂದರು. ನಾಯಿ ನನ್ನ ಮೂಗು ನೆಕ್ಕಿತು. ಕತ್ತಿನ ಸುತ್ತ ಬೋಳು ಗೆರೆ. ಕೂದಲು ಈಗಷ್ಟೇ ಮೊಳೆಯುತ್ತಿತ್ತು. ಅಮ್ಮ ಎಲೆಯಲ್ಲಿ ಕಟ್ಟಿಸಿಕೊಂಡು ದೋಸೆ ತಂದಿದ್ದರು, ಅಜ್ಜಿಗೆಂದು. ನನಗಲ್ಲ. ಸುಮ್ಮನಿದ್ದು ಸಾಕಾಗಿತ್ತು, ಹೇಳಿಬಿಟ್ಟೆ.

"ಅಮ್ಮಾ, ಮೂರನೇ ಸಲ ಬಂದಾಗ್ಲೇ ನಂಗೆ ಕಂಡಿತ್ತು, ದಾರ ಬಿಗಿಯಾಗಿದ್ದದ್ದು. ನಾನು ಹೇಳಲಿಲ್ಲ."

ಅಮ್ಮ ನಾಯಿಯ ಬೆನ್ನು ಸವರಿದರು. "ದಿನಾ ಎತ್ಕೊಳ್ಳೋಳು ನಾನು. ನಂಗೇ ಕಾಣಲಿಲ್ಲ. ನೀನು ಅವತ್ತು ಹೇಳಿದ್ರೆ ಏನ್ ಮಾಡ್ತಿದ್ದೆ ಗೊತ್ತಾ? ಇವಳ ಕಣ್ಣೂ ಬಿತ್ತಲ್ಲಪ್ಪಾ ಅಂತ ಇನ್ನೊಂದು ದಾರ ಕಟ್ತಿದ್ದೆ." ನಗಲು ಹೊರಟವರು ನಗಲಿಲ್ಲ. "ಆದ್ರೂ ನೀನು ಹೇಳ್ಬೇಕಿತ್ತು ಕಣಮ್ಮಾ."

"ಹೌದಮ್ಮಾ."

"ಅಜ್ಜಿ ಜೊತೇಲಿದ್ದಾಗ ಹೇಳು. ಆಗ ಕೇಳ್ತೀನಿ."

ಹೊಸ ದಾರ ಏನಾಯಿತೆಂದು ಕೇಳಿದೆ. ಗಲ್ಲಾ ಮೇಜಿನ ಕಾಲಿಗೆ ಕಟ್ಟಿದ್ದಾರಂತೆ, ಏಳು ಗಂಟು ಹಾಕಿ, ಬಿಗಿಯಾಗಿ. "ನಾಯಿ ಕೂರೋದು ಅಲ್ಲೇ ತಾನೆ? ದೃಷ್ಟಿ ಅಲ್ಲೇ ಇಳ್ದೋಗುತ್ತೆ. ಮೇಜು ಬೆಳೆಯಲ್ಲವಲ್ಲ."

ಈಚೆಗೆ ಮಾಲೂರಿನಿಂದ ಒಬ್ಬರು ಆರು ತಿಂಗಳ ಮರಿಯನ್ನು ತಂದಿದ್ದರು. ಕಾರಿನಲ್ಲಿ ಬಂದಿದ್ದರು, ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ಮರಿಗೆ ಯಾವ ಶಾಂಪೂ ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ಫೋನಿನಲ್ಲಿ ಪಟ್ಟಿ ಬರೆದುಕೊಂಡು ಬಂದಿದ್ದರು. ಮರಿಯ ಕೊರಳಲ್ಲಿ ಕಪ್ಪು ದಾರ. ಮೇಜಿನ ಮೇಲಿಟ್ಟದ್ದೇ ತಡ, "ಎಲ್ಲಾ ಮಾಡಿ ಮೇಡಂ, ಅದೊಂದು ಮಾತ್ರ ಮುಟ್ಟಬೇಡಿ" ಅಂದರು.

ಅಷ್ಟು ಹೊತ್ತಿಗೆ ನನ್ನ ಎರಡು ಬೆರಳು ದಾರದ ಕೆಳಗೆ ತೂರಲು ಹೊರಟಿದ್ದವು. ಒಂದು ಹಿಡಿಯಿತು, ಇನ್ನೊಂದು ಹಿಡಿಯಲಿಲ್ಲ. ಬಾಗಿಲ ಕಡೆ ತಿರುಗಿ, "ಅಜ್ಜೀ, ಸ್ವಲ್ಪ ಇಲ್ಲಿ ಬಾ" ಎಂದು ಕೂಗಿದೆ.